ಇಲ್ಲದ ಪುಸ್ತಕ, ನಿಜವಾದ ಸಿಟ್ಟು: ಒಂದು ಫೋನ್-ಇನ್ ಹಾಸ್ಯದ ಪ್ರಕರಣ ಅಧ್ಯಯನ

1997ರ ನವೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಡಬ್ಲ್ಯುಎಫ್‌ಎಂಯು ಬಾನುಲಿ ಕೇಂದ್ರದಲ್ಲಿ ನಿರೂಪಕ ಟಾಮ್ ಶಾರ್ಪ್ಲಿಂಗ್ ಒಬ್ಬ ಲೇಖಕರನ್ನು ಫೋನಿನಲ್ಲಿ ಮಾತಿಗೆಳೆದರು. ಲೇಖಕರ ಹೆಸರು ರೊನಾಲ್ಡ್ ಥಾಮಸ್ ಕ್ಲಾಂಟಲ್, ಊರು ಕ್ಯಾನ್ಸಸ್‌ನ ಲಾರೆನ್ಸ್. ಸಂಗೀತಗಾರರನ್ನೆಲ್ಲ ಮೂರೇ ಗುಂಪಿಗೆ ಹಂಚಿ ಅವರು ಒಂದು ಪುಸ್ತಕ ಬರೆದಿದ್ದಾರೆ ಎಂಬುದು ಪರಿಚಯ. ರಾಕ್ ಎಂದರೆ ಪರವಾಗಿಲ್ಲ, ಚೆನ್ನಾಗಿದ್ದಾರೆ. ರಾಟ್ ಎಂದರೆ ಕೊಳೆತಿದ್ದಾರೆ. ರೂಲ್ ಎಂದರೆ ಇವರನ್ನು ಮೀರಿಸಿದವರಿಲ್ಲ. ಸಂಗೀತದ ಬಗ್ಗೆ ಇನ್ನು ಮುಂದೆ ಯಾರೂ ಜಗಳವಾಡಬೇಕಿಲ್ಲ, ಪುಸ್ತಕ ತೆಗೆದು ನೋಡಿದರೆ ತೀರ್ಪು ಸಿಗುತ್ತದೆ ಎಂದು ಲೇಖಕರು ಶಾಂತವಾಗಿ ವಿವರಿಸಿದರು. ಕೇಳುಗರಿಂದ ಕರೆಗಳು ಬಂದವು. ಕರೆ ಮಾಡಿದವರಿಗೆ ಮೈ ಉರಿದುಹೋಗಿತ್ತು.

ಆ ಪುಸ್ತಕವೇ ಇರಲಿಲ್ಲ. ಕ್ಲಾಂಟಲ್ ಎಂಬವರೂ ಇರಲಿಲ್ಲ. ಮಾತಾಡುತ್ತಿದ್ದವರು ಜಾನ್ ವುರ್ಸ್ಟರ್, ಸೂಪರ್‌ಚಂಕ್ ಎಂಬ ರಾಕ್ ತಂಡದ ಆಗಿನ ಡ್ರಮ್ ವಾದಕ, ಶಾರ್ಪ್ಲಿಂಗ್ ಅವರ ಗೆಳೆಯ. ಇದು ಇಬ್ಬರ ನಡುವಿನ ಒಪ್ಪಂದ ಎಂದು ಕರೆ ಮಾಡಿದವರಿಗೆ ಗೊತ್ತಿರಲಿಲ್ಲ, ಪ್ರಸಾರದಲ್ಲಿ ಯಾರೂ ಹೇಳಲೂ ಇಲ್ಲ. ಸುಮಾರು ಮುಕ್ಕಾಲು ಗಂಟೆಯ ಆ ಮಾತುಕತೆ ಮೊದಲು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತ ಸಂಗೀತದ ಮಂದಿಯ ಕೈಯಿಂದ ಕೈಗೆ ಹೋಯಿತು. 1999ರಲ್ಲಿ 'ರಾಕ್, ರಾಟ್ ಅಂಡ್ ರೂಲ್' ಹೆಸರಿನಲ್ಲಿ ಸಿ.ಡಿ.ಯಾಗಿ ಬಂತು. 2000ದ ಅಕ್ಟೋಬರ್‌ನಲ್ಲಿ ಅದೇ ಜೋಡಿ ಅದೇ ಕೇಂದ್ರದಲ್ಲಿ 'ದಿ ಬೆಸ್ಟ್ ಶೋ' ಎಂಬ ವಾರದ ಫೋನ್-ಇನ್ ಹಾಸ್ಯ ಕಾರ್ಯಕ್ರಮ ಆರಂಭಿಸಿತು. ಅದು 13 ವರ್ಷ ನಡೆಯಿತು.

ತಮಾಷೆಗೆ ಕಾಗೆ ಹಾರಿಸುವ ಬಾನುಲಿ ಕಾರ್ಯಕ್ರಮಗಳಿಗೆ ಎಂದೂ ಬರವಿಲ್ಲ. ಹೆಚ್ಚಿನವು ಒಮ್ಮೆ ಕೇಳಿ ಮರೆತುಬಿಡುವಂಥವು. ಈ ಒಂದು ಕರೆಯನ್ನು ಮಾತ್ರ ಜನ ಮತ್ತೆ ಮತ್ತೆ ಕೇಳುತ್ತಾರೆ. ಕಾರಣ ಹುಡುಕಲು ಅದನ್ನು ಬಿಚ್ಚಿ ನೋಡಬೇಕು.

ಸುಳ್ಳಿನ ಹದ

ಕ್ಲಾಂಟಲ್ ಹೇಳಿದ ಮಾತುಗಳಲ್ಲಿ ಕೇಳುಗರನ್ನು ತುಂಬಾ ಕೆರಳಿಸಿದ್ದು ಒಂದು: ಸ್ಕಾ ಸಂಗೀತವನ್ನು ಕಂಡುಹಿಡಿದದ್ದು ಮ್ಯಾಡ್‌ನೆಸ್ ತಂಡ.

ಇದು ಎಷ್ಟು ಲೆಕ್ಕ ಹಾಕಿ ಹೇಳಿದ ತಪ್ಪು ಎಂಬುದನ್ನು ಹತ್ತಿರದಿಂದ ನೋಡಬೇಕು. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ. ಮ್ಯಾಡ್‌ನೆಸ್ ಲಂಡನ್ನಿನ ತಂಡ, ಕಟ್ಟಿದ್ದು 1976ರಲ್ಲಿ. ತಂಡದ ಹೆಸರೇ ಜಮೈಕಾದ ಸ್ಕಾ ಗಾಯಕ ಪ್ರಿನ್ಸ್ ಬಸ್ಟರ್ ಅವರ ಒಂದು ಹಾಡಿನಿಂದ ಬಂದದ್ದು, 1979ರಲ್ಲಿ ಬಂದ ಅವರ ಮೊದಲ ಸಿಂಗಲ್ ಕೂಡ ಪ್ರಿನ್ಸ್ ಬಸ್ಟರ್‌ಗೆ ಸಲ್ಲಿಸಿದ ಗೌರವ. ಅಂದರೆ ಕಂಡುಹಿಡಿದವರು ನಾವಲ್ಲ ಎಂದು ತಂಡದ ಹೆಸರಿನಲ್ಲೇ ಬರೆದಿದೆ. ಸಂಗೀತ ಗೊತ್ತಿಲ್ಲದವರ ಕಿವಿಗೆ ಕ್ಲಾಂಟಲ್ ಮಾತು ಸಾಮಾನ್ಯ ಮಾಹಿತಿಯಂತೆ ಕೇಳಿಸುತ್ತದೆ. ಗೊತ್ತಿದ್ದವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಅದರ ಮೇಲೆ, ಅದನ್ನು ತಿದ್ದುವುದು ಸುಲಭ. ಒಂದೇ ವಾಕ್ಯ ಸಾಕು, ಎತ್ತಿ ಡಯಲ್ ಮಾಡಿದರಾಯಿತು. ಫೋನ್-ಇನ್ ಹಾಸ್ಯಕ್ಕೆ ಬೇಕಾದ ಸುಳ್ಳು ಇಂಥದ್ದು: ತಿಳಿದವರಿಗೆ ಮಾತ್ರ ಚುಚ್ಚಬೇಕು, ಚುಚ್ಚಿಸಿಕೊಂಡವರ ಬಳಿ ಉತ್ತರ ಸಿದ್ಧವಿರಬೇಕು.

ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿ ಅವರ ವಿಷಯದಲ್ಲಿ ಮದ್ದು ಬೇರೆ. ಬೋವಿಗೆ ಸಿಕ್ಕ ಗುಂಪು ರಾಟ್, ಕಾರಣ ಅವರು ತೀರಾ ಹೆಚ್ಚು ಬದಲಾದರು ಎಂಬುದು. ವೇಷ, ಧ್ವನಿ, ಶೈಲಿಗಳನ್ನು ಮತ್ತೆ ಮತ್ತೆ ಬದಲಿಸಿದ್ದಕ್ಕೇ ಜಗತ್ತು ಬೋವಿಯನ್ನು ಹಾಡಿ ಹೊಗಳುವುದು. ಇಲ್ಲಿ ಕ್ಲಾಂಟಲ್ ಸಂಗತಿಯನ್ನು ತಪ್ಪಾಗಿ ಹೇಳಿಲ್ಲ. ಸಂಗತಿ ಸರಿ, ತೀರ್ಪು ತಲೆಕೆಳಗು. ಇದನ್ನು ಒಂದು ವಾಕ್ಯದಲ್ಲಿ ತಿದ್ದಲಾಗದು. ಕರೆ ಮಾಡಿದವರು ಕಲೆ ಎಂದರೇನು, ಬೆಳೆಯುವುದು ಎಂದರೇನು ಎಂದು ಬುಡದಿಂದ ಶುರು ಮಾಡಬೇಕಾಗುತ್ತದೆ, ಅಷ್ಟರಲ್ಲಿ ಎದುರಿನವರು ಸಮಾಧಾನವಾಗಿ ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾರೆ.

ಬೀಟಲ್ಸ್ ಸರದಿ ಬಂದಾಗ ಸುಳ್ಳು ಇನ್ನೂ ಸಣ್ಣದು. ಅವರು ರಾಟ್ ಎಂದಿದ್ದರೆ ಎಲ್ಲರಿಗೂ ಗುಟ್ಟು ಹೊಳೆದುಬಿಡುತ್ತಿತ್ತು. ಕೆಟ್ಟ ಹಾಡುಗಳೂ ಬಹಳ ಇವೆ ಎಂಬ ಕಾರಣ ಕೊಟ್ಟು ಕ್ಲಾಂಟಲ್ ಅವರನ್ನು ರೂಲ್‌ನಿಂದ ಒಂದೇ ಮೆಟ್ಟಿಲು ಕೆಳಗೆ, ರಾಕ್‌ನಲ್ಲಿ ಕೂರಿಸಿದರು. ಪ್ರಾಮಾಣಿಕ ವಿಮರ್ಶಕರೂ ಹೇಳಬಹುದಾದ ಮಾತು ಅದು. ಹೀಗೆ ದೊಡ್ಡ ತಪ್ಪು, ತಲೆಕೆಳಗು ತೀರ್ಪು, ಬಹುಮಟ್ಟಿಗೆ ನ್ಯಾಯವೆನಿಸುವ ಮಾತು, ಈ ಮೂರನ್ನೂ ಬೆರೆಸಿದ್ದರಿಂದಲೇ ಕೇಳುಗರಿಗೆ ಹಿಡಿ ಸಿಗಲಿಲ್ಲ. ಬರೀ ಅಸಂಬದ್ಧವನ್ನೇ ಒಂದರ ಮೇಲೊಂದು ಹೇರಿದರೆ ಐದು ನಿಮಿಷಕ್ಕೆ ಬಣ್ಣ ಬಯಲಾಗುತ್ತದೆ.

ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ಡಬ್ಲ್ಯುಎಫ್‌ಎಂಯು 1958ರಲ್ಲಿ ಅಪ್ಸಾಲಾ ಕಾಲೇಜಿನ ಬಾನುಲಿಯಾಗಿ ಶುರುವಾದದ್ದು. 1995ರಲ್ಲಿ ಕಾಲೇಜು ಮುಚ್ಚಿದ ಮೇಲೂ ಉಳಿಯಿತು. ಜಾಹೀರಾತಿಲ್ಲ, ಕೇಳುಗರ ದೇಣಿಗೆಯೇ ಆಧಾರ. ಯಾವ ಹಾಡು ಹಾಕಬೇಕೆಂದು ಮೇಲಿನಿಂದ ಪಟ್ಟಿ ಬರುವುದಿಲ್ಲ, ಪ್ರತಿ ನಿರೂಪಕರೂ ತಮಗೆ ಬೇಕಾದ್ದನ್ನು ನುಡಿಸುತ್ತಾರೆ. ಇಂಥ ಕೇಂದ್ರಕ್ಕೆ ಕಿವಿಗೊಡುವವರು ಹಳೆಯ ರೆಕಾರ್ಡುಗಳ ಹಿಂದೆ ಬಿದ್ದವರು, ಯಾವ ತಂಡ ಯಾವ ವರ್ಷ ಏನು ಮಾಡಿತು ಎಂಬುದನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡವರು. ಅವರ ಮುಂದೆ ಮ್ಯಾಡ್‌ನೆಸ್ ಮಾತು ಎತ್ತುವುದೆಂದರೆ ಜೇನುಗೂಡಿಗೆ ಕೈ ಹಾಕಿದಂತೆ. ಇದೇ ಕರೆಯನ್ನು ಜನಪ್ರಿಯ ಹಾಡುಗಳ ವಾಣಿಜ್ಯ ಕೇಂದ್ರದಲ್ಲಿ ಪ್ರಸಾರ ಮಾಡಿದ್ದರೆ ಲೈನುಗಳು ಖಾಲಿ ಉಳಿಯುವ ಸಾಧ್ಯತೆಯೇ ಹೆಚ್ಚು. ಕಾಲವೂ ಒದಗಿಬಂತು. 1997ರಲ್ಲಿ ಅಂಥ ಪುಸ್ತಕ ಇದೆಯೋ ಇಲ್ಲವೋ ಎಂದು ಕೂತಲ್ಲೇ ಅರೆ ನಿಮಿಷದಲ್ಲಿ ನೋಡಿಬಿಡುವ ಅನುಕೂಲ ಹೆಚ್ಚಿನವರಿಗೆ ಇರಲಿಲ್ಲ.

ನಿರೂಪಕರ ಪಾಲು

ರೆಕಾರ್ಡಿಂಗ್ ಕೇಳಿದವರು ಮೊದಲು ಹೊಗಳುವುದು ವುರ್ಸ್ಟರ್ ಅವರನ್ನು. ಆದರೆ ಕಷ್ಟದ ಕೆಲಸ ಶಾರ್ಪ್ಲಿಂಗ್ ಅವರದು. ಪಾತ್ರಧಾರಿಗೆ ಒಂದೇ ದಿಕ್ಕು, ತನ್ನ ಮೂರ್ಖತನಕ್ಕೆ ನಿಷ್ಠನಾಗಿದ್ದರೆ ಸಾಕು. ನಿರೂಪಕ ಏಕಕಾಲಕ್ಕೆ ಮೂವರನ್ನು ಸಂಭಾಳಿಸಬೇಕು: ಅತಿಥಿ, ಕರೆ ಮಾಡಿದವರು, ಸುಮ್ಮನೆ ಕೇಳುತ್ತಿರುವವರು.

ಅವರು ಕ್ಲಾಂಟಲ್ ಪರ ವಹಿಸಿ ಮಾತಾಡಿದ್ದರೆ ಇಬ್ಬರೂ ಸೇರಿ ಆಡುತ್ತಿರುವ ಆಟ ಎಂದು ಗೊತ್ತಾಗುತ್ತಿತ್ತು. ಜೋರಾಗಿ ವಿರೋಧಿಸಿದ್ದರೆ ಕೇಳುಗರು ಹೇಳಬೇಕಾದ್ದನ್ನು ತಾವೇ ಹೇಳಿ ಮುಗಿಸಿದಂತಾಗಿ ಕರೆಗಳು ನಿಲ್ಲುತ್ತಿದ್ದವು. ಅವರು ಹಿಡಿದದ್ದು ನಡುವಿನ ಹಾದಿ: ಅತಿಥಿಗೆ ಮರ್ಯಾದೆ ಕೊಡುವ, ಆದರೆ ಒಳಗೊಳಗೆ ಅನುಮಾನ ಬರುತ್ತಿರುವ ಸಭ್ಯ ಸಂದರ್ಶಕ. ಅನುಮಾನ ಒಂದು ಪ್ರಶ್ನೆಯಷ್ಟೇ, ವಾದವಲ್ಲ. ಇದನ್ನು ಹೇಗೆ ನಿರ್ಧರಿಸಿದಿರಿ, ಯಾರನ್ನು ಕೇಳಿದಿರಿ ಎಂದಷ್ಟೇ ಕೆದಕಿದರೆ ಅತಿಥಿ ತನ್ನ ಹಳ್ಳವನ್ನು ತಾನೇ ತೋಡಿಕೊಳ್ಳುತ್ತಾರೆ. ಕರೆ ಮಾಡಿದವರ ಸಿಟ್ಟು ಏರಿದಾಗ ನಿರೂಪಕ ತಣ್ಣಗೆ ಅದನ್ನು ಅತಿಥಿಯ ಮುಂದಿಟ್ಟು ಪಕ್ಕಕ್ಕೆ ಸರಿಯಬೇಕು. ಆ ಸರಿಯುವಿಕೆಯೇ ಕಲೆ.

ನಗು ಬಂದರೆ? ಇಂಥ ಪ್ರಸಾರಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಬಾಯಿ ಮುಚ್ಚಿ ನಕ್ಕರೂ ಮೂಗಿನ ಉಸಿರು ಮೈಕಿಗೆ ಬೀಳುತ್ತದೆ. ಅನುಭವಸ್ಥರು ಅತಿಥಿ ಮಾತಾಡುವಷ್ಟು ಹೊತ್ತು ತಮ್ಮ ಮೈಕಿನ ಕಾಫ್ ಬಟನ್ ಒತ್ತಿ ಹಿಡಿದಿರುತ್ತಾರೆ. ಮೂಲತಃ ಕೆಮ್ಮು ಬಂದಾಗ ಧ್ವನಿ ಕಡಿಯಲೆಂದು ಇಟ್ಟ ಗುಂಡಿ ಅದು. ಬೆರಳು ತೆಗೆಯುವ ಮುನ್ನ ಒಮ್ಮೆ ಪೂರ್ತಿ ಉಸಿರು ಬಿಡಬೇಕು, ಇಲ್ಲದಿದ್ದರೆ ಮೊದಲ ಪದದಲ್ಲೇ ನಗು ನುಸುಳುತ್ತದೆ.

ತಂತಿಯ ಕೆಲಸ

ಸ್ಟುಡಿಯೋದ ಒಳ್ಳೆಯ ಮೈಕಿನ ಮುಂದೆ ಕೂತು ವುರ್ಸ್ಟರ್ ಮಾತಾಡಿದ್ದರೆ ಈ ಮೋಡಿ ಅರ್ಧಕ್ಕೆ ಇಳಿಯುತ್ತಿತ್ತು. ಹಳೆಯ ಟೆಲಿಫೋನ್ ಲೈನು ಸಾಗಿಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಎದೆಯ ಗಾಂಭೀರ್ಯ ಕೆಳಗೆ ಕತ್ತರಿಸಿಹೋಗುತ್ತದೆ, ಸಕಾರ ಷಕಾರಗಳ ಚೂಪು ಮೇಲೆ ಕತ್ತರಿಸಿಹೋಗುತ್ತದೆ. ನಟನೆಯ ಸೂಕ್ಷ್ಮ ಸುಳಿವುಗಳು ಇರುವುದೂ ಅಲ್ಲೇ. ಅತಿಥಿಯ ಧ್ವನಿಯೂ ಕರೆ ಮಾಡಿದವರ ಧ್ವನಿಯೂ ಒಂದೇ ಜರಡಿಯಲ್ಲಿ ಸೋಸಿ ಬಂದಾಗ ಇಬ್ಬರೂ ಒಂದೇ ಲೋಕದವರು ಎಂದು ಕಿವಿ ಒಪ್ಪಿಬಿಡುತ್ತದೆ.

ಲಾಸ್ ಏಂಜಲೀಸ್‌ನ ಕೆಎಫ್‌ಐ ಕೇಂದ್ರದಲ್ಲಿ ಫಿಲ್ ಹೆಂಡ್ರಿ ಇದನ್ನೇ ಒಬ್ಬರೇ ಮಾಡುತ್ತಿದ್ದರು. ನಿರೂಪಕನಾಗಿ ಮೈಕಿಗೆ ಮಾತಾಡಿ, ಮರುಕ್ಷಣ ಕೈಯಲ್ಲಿದ್ದ ಟೆಲಿಫೋನ್ ರಿಸೀವರ್‌ಗೆ ಬೇರೆ ದನಿಯಲ್ಲಿ ಅತಿಥಿಯಾಗಿ ಉತ್ತರಿಸುತ್ತಿದ್ದರು. ಇಬ್ಬರು ಜಗಳವಾಡುತ್ತಿದ್ದಾರೆಂದು ನಂಬಿ ಜನ ಕರೆ ಮಾಡಿ ಆ ಅತಿಥಿಯ ಮೇಲೆ ಹರಿಹಾಯುತ್ತಿದ್ದರು. ದನಿ ಬದಲಿಸುವ ಪ್ರತಿಭೆ ಅವರದೇ, ಆದರೆ ಎರಡು ದನಿಗಳನ್ನು ಎರಡು ಜಾಗದಲ್ಲಿ ಕೂರಿಸಿದ್ದು ಆ ರಿಸೀವರ್.

ಹೀಗೊಂದು ಪ್ರಸಾರವನ್ನು ಇಂದು ಕಟ್ಟುವವರು ಲೈನುಗಳ ವ್ಯವಸ್ಥೆಗೆ ಮೊದಲು ಗಮನ ಕೊಡಬೇಕು. ಪಾತ್ರಧಾರಿಗೆ ಸಾರ್ವಜನಿಕ ನಂಬರಿನಿಂದ ಬೇರೆಯಾದ ಲೈನು ಇರಲಿ. ಕರೆಗಳ ಗದ್ದಲದಲ್ಲಿ ಅವರ ಲೈನು ಕಡಿದುಹೋದರೆ ಮತ್ತೆ ಸೇರಿಸುವ ಹೊತ್ತಿಗೆ ಬಿಸಿ ಆರಿರುತ್ತದೆ. ಎರಡು ಟೆಲಿಫೋನ್ ಹೈಬ್ರಿಡ್ ಬೇಕು, ಒಂದು ಅತಿಥಿಗೆ, ಇನ್ನೊಂದು ಕರೆ ಮಾಡುವವರಿಗೆ. ಒಳಬರುವ ಧ್ವನಿಯನ್ನು ಹೊರಹೋಗುವ ಧ್ವನಿಯಿಂದ ಬೇರ್ಪಡಿಸಿ ಮಿಕ್ಸರ್‌ಗೆ ಕೊಡುವ ಸಾಧನ ಇದು. ಎರಡಕ್ಕೂ ಪ್ರತ್ಯೇಕ ಮಿಕ್ಸ್-ಮೈನಸ್ ಕಳಿಸಬೇಕು, ಅಂದರೆ ಪ್ರತಿಯೊಬ್ಬರಿಗೂ ಅವರದೇ ದನಿ ಬಿಟ್ಟು ಉಳಿದೆಲ್ಲ ಕೇಳಿಸಬೇಕು. ಇದನ್ನು ತಪ್ಪಿಸಿದರೆ ಎರಡು ಬಗೆಯ ಅನಾಹುತ. ತನ್ನ ದನಿ ತನಗೇ ಮರಳಿ ಬಂದರೆ ಮಾತಾಡುವವರು ತೊದಲುತ್ತಾರೆ. ಅತಿಥಿಯ ದನಿ ಕರೆ ಮಾಡಿದವರಿಗೆ ಹೋಗದಿದ್ದರೆ ಇಡೀ ಜಗಳ ನಿರೂಪಕರ ಮೂಲಕ ದೂತರ ಮಾತಿನಂತೆ ನಡೆದು ಸಪ್ಪೆಯಾಗುತ್ತದೆ. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವುದು ಇಲ್ಲಿ ದೋಷವಲ್ಲ, ಬೇಕಾದ್ದೇ ಅದು.

ಅತಿಥಿಯ ಲೈನಿನ ಮಟ್ಟ ಕರೆ ಮಾಡಿದವರ ಮಟ್ಟಕ್ಕಿಂತ ಹೆಚ್ಚು ಸ್ವಚ್ಛವಾಗಿರಬಾರದು. ತಾಂತ್ರಿಕ ಸಿಬ್ಬಂದಿ ಅಭ್ಯಾಸಬಲದಿಂದ ಅತಿಥಿಯ ದನಿಯನ್ನು ತಿದ್ದಿ ಚೆಂದ ಮಾಡುತ್ತಾರೆ, ಅವರಿಗೆ ಮೊದಲೇ ಹೇಳಿಡಬೇಕು. ಇನ್ನು ಪ್ರಸಾರ ತಡಮಾಡುವ ಯಂತ್ರ. ಬೈಗುಳ ಕತ್ತರಿಸಲು ಹಲವು ಕೇಂದ್ರಗಳು ಏಳು ಸೆಕೆಂಡಿನಷ್ಟು ತಡವಾಗಿ ಪ್ರಸಾರ ಮಾಡುತ್ತವೆ. ಪಕ್ಕದಲ್ಲಿ ರೇಡಿಯೋ ಹಾಕಿಕೊಂಡೇ ಕರೆ ಮಾಡಿದವರಿಗೆ ಏಳು ಸೆಕೆಂಡು ಹಿಂದಿನ ತಮ್ಮದೇ ದನಿ ಕೇಳಿಸಿ ಮಾತು ಕೆಡುತ್ತದೆ. ರೇಡಿಯೋ ಆರಿಸಿ ಎಂದು ಕರೆ ಎತ್ತುವವರು ಮೊದಲೇ ಹೇಳಿ, ಹೋಲ್ಡ್‌ನಲ್ಲಿ ಕಾರ್ಯಕ್ರಮ ಕೇಳಿಸುವಂತೆ ಮಾಡಿದರೆ ಈ ಗೋಳಿಲ್ಲ.

ಹದ ತಪ್ಪುವ ಜಾಗಗಳು

ಲೈನುಗಳನ್ನು ಬೇಗ ತೆರೆಯುವುದು ಸಾಮಾನ್ಯ ತಪ್ಪು. ಅತಿಥಿ ಯಾರು, ಅವರ ವಿಧಾನ ಏನು ಎಂಬುದು ಕೇಳುಗರ ತಲೆಯಲ್ಲಿ ಕೂರಲು ಹತ್ತು ಹನ್ನೆರಡು ನಿಮಿಷ ಬೇಕು. ಆ ಹೊತ್ತಿನಲ್ಲಿ ನಗಿಸುವ ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಬೇಸರವಾಗುತ್ತಿದೆಯಲ್ಲ ಎಂದು ನಿರ್ಮಾಪಕರು ಕಂಗಾಲಾಗಿ ಮೊದಲೇ ಪಟಾಕಿ ಹಚ್ಚಿದರೆ ಮುಂದೆ ಸುಡಲು ಏನೂ ಉಳಿಯುವುದಿಲ್ಲ.

ಕರೆ ಆರಿಸುವವರಿಗೆ ಇನ್ನೊಂದು ಕಷ್ಟ ಕಾದಿರುತ್ತದೆ. ಗುಟ್ಟು ಹಿಡಿದ ಜಾಣರು, ತಾವೂ ಒಂದು ಪಾತ್ರ ಕಟ್ಟಿಕೊಂಡು ಆಟಕ್ಕೆ ಬರುತ್ತೇವೆ ಎಂದು ಕರೆ ಮಾಡುತ್ತಾರೆ. ಅವರನ್ನು ಒಳಗೆ ಬಿಟ್ಟರೆ ಇಡೀ ಕಟ್ಟಡ ಅಲುಗಾಡುತ್ತದೆ, ಏಕೆಂದರೆ ಈ ಹಾಸ್ಯ ನಿಂತಿರುವುದು ಒಂದು ಕಡೆಯ ಪೂರ್ಣ ಪ್ರಾಮಾಣಿಕತೆಯ ಮೇಲೆ. ಪತ್ತೆ ಹಚ್ಚುವುದು ಸುಲಭ: ನಿಜವಾಗಿ ಸಿಟ್ಟಾದವರು ಕರೆ ಎತ್ತಿದ ಕೂಡಲೇ ವಿಷಯಕ್ಕೆ ಬರುತ್ತಾರೆ, ಜಾಣರು ಮೊದಲು ತಮ್ಮ ಪರಿಚಯವನ್ನು ಉದ್ದ ಮಾಡುತ್ತಾರೆ.

ವಿಷಯದ ಆಯ್ಕೆಯಲ್ಲಿ ಎಡವಿದರೆ ಅದು ಹಾಸ್ಯದ ಸೋಲಾಗಿ ಉಳಿಯುವುದಿಲ್ಲ. ಅಮೆರಿಕದಲ್ಲಿ ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಆಯೋಗವಾದ ಎಫ್‌ಸಿಸಿ 1992ರಲ್ಲಿ ಸುಳ್ಳು ಪ್ರಸಾರದ ಬಗ್ಗೆ ಒಂದು ನಿಯಮ ತಂದಿತು. ಅಪರಾಧ ಅಥವಾ ದುರಂತದ ಬಗ್ಗೆ ಸುಳ್ಳೆಂದು ತಿಳಿದೂ ಪ್ರಸಾರ ಮಾಡಿ, ಅದರಿಂದ ಸಾರ್ವಜನಿಕರಿಗೆ ಗಣನೀಯ ಹಾನಿಯಾಗುವುದು ಮೊದಲೇ ಊಹಿಸಬಹುದಾಗಿದ್ದು, ಹಾನಿ ಆಗಿಯೂಬಿಟ್ಟರೆ ಕೇಂದ್ರ ಹೊಣೆ. ಕೇಂದ್ರದವರೇ ಯಾರಿಗಾದರೂ ಕರೆ ಮಾಡಿ ಪ್ರಸಾರ ಮಾಡುವುದಾದರೆ ಮೊದಲು ಅವರಿಗೆ ತಿಳಿಸಲೇಬೇಕೆಂಬ ನಿಯಮವೂ ಇದೆ. ತಾವಾಗಿಯೇ ಫೋನ್-ಇನ್‌ಗೆ ಕರೆ ಮಾಡಿದವರಿಗೆ ಪ್ರಸಾರವಾಗುತ್ತಿದೆ ಎಂದು ಗೊತ್ತೇ ಇರುತ್ತದೆ. ಮಲಗಿದ್ದವರನ್ನು ಎಬ್ಬಿಸಿ ಹೆದರಿಸುವ ಕೀಟಲೆ ಕರೆಗೂ ಕ್ಲಾಂಟಲ್ ಪ್ರಕರಣಕ್ಕೂ ಇರುವ ಅಂತರ ಇದೇ. ಇಲ್ಲಿ ಪ್ರತಿಯೊಬ್ಬರೂ ತಾವಾಗಿ ಬಂದವರು, ತಾವು ಪ್ರೀತಿಸುವ ಸಂಗೀತದ ಪರ ವಾದಿಸಲು ಬಂದವರು. ಅವರನ್ನು ಕೇಳುತ್ತ ನಗುವಾಗ ಅವರ ಮೇಲೆ ತಾತ್ಸಾರ ಹುಟ್ಟುವುದಿಲ್ಲ. ಅವರು ಹೇಳುತ್ತಿರುವುದೆಲ್ಲ ಸರಿಯೇ. ಸರಿಯಾದ ಮಾತು ಗೋಡೆಗೆ ಬಡಿದು ಬಡಿದು ವಾಪಸು ಬರುವುದನ್ನು ಕೇಳುವಾಗಿನ ನಗು ಅದು, ಆ ನಗುವಿನಲ್ಲಿ ನಾವು ಅವರ ಪಕ್ಷದಲ್ಲೇ ಇರುತ್ತೇವೆ. ಬಲಹೀನರನ್ನು ಆರಿಸಿ ಕಿವಿಗೆ ಹೂವಿಡುವ ಕಾರ್ಯಕ್ರಮಗಳಲ್ಲಿ ಇಲ್ಲದ್ದು ಇದೇ.

ಗುಟ್ಟು ಎಲ್ಲರಿಗೂ ತಿಳಿದ ಮೇಲೆ

ಕ್ಯಾಸೆಟ್ಟುಗಳು ಹರಿದಾಡಿದ ಮೇಲೆ ಅದೇ ತಂತ್ರ ಅದೇ ರೀತಿ ಮತ್ತೆ ನಡೆಯುವಂತಿರಲಿಲ್ಲ. ವಾರ ವಾರ ಕರೆ ಮಾಡುವ ವಿಚಿತ್ರ ವ್ಯಕ್ತಿ ವುರ್ಸ್ಟರ್ ಅವರೇ ಎಂದು 'ದಿ ಬೆಸ್ಟ್ ಶೋ' ಕೇಳುಗರಿಗೆ ಬೇಗ ತಿಳಿಯಿತು. ಆದರೂ ಮಂಗಳವಾರ ರಾತ್ರಿಯ ಆ ಮೂರು ಗಂಟೆಗೆ ಜನ ಕಾದರು.

ಮೋಸಹೋಗುವ ರೋಮಾಂಚನ ಹೋದ ಜಾಗಕ್ಕೆ ಬಂದದ್ದು ಕಾಯುವ ಸುಖ. ವುರ್ಸ್ಟರ್ ಅವರ ಕರೆ ಮಾಮೂಲಿ ಕರೆಯಂತೆಯೇ ಶುರುವಾಗುತ್ತದೆ. ಊರಿನ ಯಾರೋ ಒಬ್ಬರು, ಯಾವುದೋ ಸಣ್ಣ ವಿಷಯ. ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತ, ಇಪ್ಪತ್ತು ಮೂವತ್ತು ನಿಮಿಷದ ಹೊತ್ತಿಗೆ ಎಲ್ಲಿಗೋ ಬಂದು ನಿಂತಿರುತ್ತದೆ, ಕೊನೆಗೆ ನಿರೂಪಕರಿಗೇ ಬೆದರಿಕೆ ಹಾಕುವ ಮಟ್ಟಕ್ಕೆ ಬರುವುದೂ ಉಂಟು. ಪಾತ್ರಗಳಲ್ಲಿ ಹಲವರು ನ್ಯೂಬ್ರಿಡ್ಜ್ ಎಂಬ ಊರಿನವರು. ನ್ಯೂಜೆರ್ಸಿಯ ನಕ್ಷೆಯಲ್ಲಿ ಆ ಊರಿಲ್ಲ, ಕಾರ್ಯಕ್ರಮದಲ್ಲಿ ಮಾತ್ರ ಇದೆ. ಒಂದು ವಾರ ಹೆಸರು ಬಂದ ಅಂಗಡಿ ಮತ್ತೊಂದು ವಾರ ಬೇರೊಬ್ಬರ ಕಥೆಯಲ್ಲಿ ಬರುತ್ತದೆ. ಯಾರೂ ನೆನಪಿಸುವುದಿಲ್ಲ, ವಿವರಿಸುವುದಿಲ್ಲ. ನೆನಪಿಟ್ಟವರಿಗೆ ಮಾತ್ರ ಒಳಗಿಂದ ಒಂದು ನಗು ಏಳುತ್ತದೆ.

ಉಳಿದ ಹೊತ್ತು ನಿಜವಾದ ಕೇಳುಗರ ಕರೆಗಳದು. ಶಾರ್ಪ್ಲಿಂಗ್ ಅವರ ಕಟ್ಟುನಿಟ್ಟು ಅಲ್ಲಿ ಕೆಲಸ ಮಾಡುತ್ತದೆ. ಮಾತು ಎಳೆದವರ, ಸಿದ್ಧಪಡಿಸಿದ ಜೋಕು ಓದಿದವರ ಲೈನು ಮುಲಾಜಿಲ್ಲದೆ ಕಡಿಯುತ್ತಾರೆ. ಹೊಸಬರಿಗೆ ಇದು ಒರಟೆನಿಸುತ್ತದೆ. ಆದರೆ ಯಾರ ಕರೆ ಯಾವ ಕ್ಷಣ ಕಡಿಯಬಹುದೋ ಗೊತ್ತಿಲ್ಲದಿರುವುದರಿಂದಲೇ ಪ್ರತಿ ಕರೆಯ ಮೊದಲ ಅರೆ ನಿಮಿಷಕ್ಕೆ ಬಿಗಿ ಬರುತ್ತದೆ, ಚೆನ್ನಾಗಿ ಮಾತಾಡಿ ಉಳಿದುಕೊಂಡವರು ಮುಂದಿನ ವಾರಗಳಲ್ಲಿ ತಾವೇ ಒಂದು ಪಾತ್ರವಾಗುತ್ತಾರೆ.

ಕಾರ್ಯಕ್ರಮ 2013ರ ಡಿಸೆಂಬರ್‌ನಲ್ಲಿ ಡಬ್ಲ್ಯುಎಫ್‌ಎಂಯುನಿಂದ ನಿಂತಿತು, ವರ್ಷದ ಬಳಿಕ 2014ರ ಡಿಸೆಂಬರ್‌ನಲ್ಲಿ ಅಂತರ್ಜಾಲದಲ್ಲಿ ನೇರಪ್ರಸಾರವಾಗಿ ಮರಳಿತು, ಪಾಡ್‌ಕಾಸ್ಟ್ ಆಗಿಯೂ ಸಿಗುತ್ತದೆ. ಈ ಜೋಡಿಯ ಆಯ್ದ ಕರೆಗಳನ್ನು ನ್ಯೂಮೆರೋ ಗ್ರೂಪ್ ಎಂಬ ರೆಕಾರ್ಡ್ ಕಂಪನಿ 2015ರಲ್ಲಿ 16 ಸಿ.ಡಿ.ಗಳ ಪೆಟ್ಟಿಗೆಯಾಗಿ ತಂದಿತು.

ಹೊಸದಾಗಿ ಕೇಳುವವರು 1997ರ ರೆಕಾರ್ಡಿಂಗ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ನಡುವೆ ಹಾರಿಸದೆ, ಒಂದೇ ಕೂರಿಕೆಯಲ್ಲಿ. ಅದಾದ ಮೇಲೆ ತುಣುಕುಗಳಿಗೆ ಹೋಗದೆ ಯಾವುದಾದರೂ ಒಂದು ಮಂಗಳವಾರದ ಪೂರ್ತಿ ಮೂರು ಗಂಟೆಯನ್ನು ಕೇಳಬೇಕು. ಮೊದಲ ಗಂಟೆಯಲ್ಲಿ ಏನೂ ನಡೆಯುತ್ತಿಲ್ಲ ಎನಿಸಿದರೆ ಗಾಬರಿ ಬೇಡ. ಎರಡನೆಯ ಗಂಟೆಯಲ್ಲಿ ಒಬ್ಬರು ಕರೆ ಮಾಡಿ ತಮ್ಮ ಹೊಸ ವ್ಯಾಪಾರದ ಬಗ್ಗೆ ಸಭ್ಯವಾಗಿ ಮಾತು ಶುರು ಮಾಡಿದಾಗ, ಅವರು ಇನ್ನೊಬ್ಬ ಕೇಳುಗರೋ ವುರ್ಸ್ಟರ್ ಅವರೋ ಎಂದು ಕಿವಿ ತಾನಾಗಿ ನಿಮಿರುತ್ತದೆ.